ಕಾಲಿನ ಬಳಿ ನಿಂತವಳು

ಕಾಲಿನ ಹೆಬ್ಬೆರಳಿನಿಂದ ಶುರುಮಾಡಿ ಹಣೆಯವರೆಗೆ ಬರುವಷ್ಟರಲ್ಲಿ ಇಪ್ಪತ್ತೆರಡು ನಿಮಿಷ. ಐದು ವರ್ಷದಿಂದ ಪ್ರತಿ ಮಂಗಳವಾರ ಹೇಳಿ ಹೇಳಿ ಅದು ಅವಳ ಬಾಯಿಗೆ ಎಷ್ಟು ಕೂತುಬಿಟ್ಟಿತ್ತೆಂದರೆ, 'ಪಾದ ಸಡಿಲ ಬಿಡಿ, ಮೀನಖಂಡ ಸಡಿಲ ಬಿಡಿ, ಮಂಡಿ ಸಡಿಲ ಬಿಡಿ' ಎಂದು ನಾಲಿಗೆ ತನ್ನ ಪಾಡಿಗೆ ತಾನು ಸಾಗುತ್ತಿರುವಾಗ ಮನಸ್ಸು ಎಲ್ಲಿ ಬೇಕಾದರೂ ಅಲೆಯಬಹುದಿತ್ತು. ಇವತ್ತು ಅದು ಮನೆಯ ಬಾಗಿಲಲ್ಲೇ ನಿಂತುಬಿಟ್ಟಿತ್ತು. ಬೆಳಿಗ್ಗೆ ಕಾಲೇಜಿಗೆ ಹೊರಟ ಮಗಳಿಗೆ, ನಿಧಾನವಾಗಿ ಹೋಗು, ಅವಸರ ಮಾಡಬೇಡ ಅಂದಿದ್ದಳು, ಅಷ್ಟೆ. ಮಗಳು ಚಪ್ಪಲಿ ಮೆಟ್ಟುತ್ತ ತಲೆಯನ್ನೂ ಎತ್ತದೆ, "ಅಮ್ಮ, ಆ ದನಿ ಆಸ್ಪತ್ರೆಗೆ ಇಟ್ಕೋ. ನಿನ್ನ ನಿಜವಾದ ದನಿ ನಂಗೆ ಗೊತ್ತು" ಅಂದು ಹೋಗಿದ್ದಳು. ತಮಾಷೆಗೇ ಅಂದದ್ದು. ಆದರೂ ಆ ಮಾತು ಬೆಳಗಿನಿಂದ ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿತ್ತು. ದವಡೆ ಸಡಿಲ ಬಿಡಿ ಎಂದು ಒಂಬತ್ತು ಹೆಂಗಸರಿಗೆ ಹೇಳುವಾಗ ತನ್ನ ದವಡೆಯೇ ಕಚ್ಚಿಕೊಂಡಿರುವುದು ಅವಳಿಗೆ ಗೊತ್ತಾಯಿತು.

ಮೂರನೇ ಮಹಡಿಯ ಆ ಕೋಣೆ ಹಿಂದೆ ಮುರಿದ ಮಂಚ, ಕುಂಟು ಸ್ಟೂಲುಗಳನ್ನು ಒಟ್ಟುವ ಜಾಗವಾಗಿತ್ತು. ಎಷ್ಟು ಸಲ ಒರೆಸಿದರೂ ನೆಲದಲ್ಲಿ ಮಂಚದ ಕಾಲುಗಳ ತುಕ್ಕಿನ ಗುರುತು ಹೋಗಿರಲಿಲ್ಲ. ಚಾಪೆ ಹಾಸಿ ಮುಚ್ಚಬೇಕಾಗಿತ್ತು. ಒಂಬತ್ತು ಚಾಪೆ, ಒಂಬತ್ತು ಹೊಟ್ಟೆ. ಎಲ್ಲರೂ ಎಡಮಗ್ಗುಲಿಗೆ, ಮಂಡಿಗಳ ನಡುವೆ ದಿಂಬು ಇಟ್ಟುಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಎಲ್ಲರೂ ಅವಳನ್ನು ಸಿಸ್ಟರ್ ಎನ್ನುತ್ತಿದ್ದರು. ಇದೇ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಹನ್ನೆರಡು ವರ್ಷ ನಿಂತು ಸೊಂಟ ಹಿಡಿದುಕೊಂಡ ಮೇಲೆ, ಹತ್ತು ದಿನದ ತರಬೇತಿಗೆ ಕಳಿಸಿ, ಬಸುರಿಯರಿಗೆ ಮೈ ಮನಸ್ಸು ಹಗುರ ಮಾಡಿಕೊಳ್ಳುವುದನ್ನು ಕಲಿಸುವ ಈ ಕೆಲಸ ಕೊಟ್ಟಿದ್ದರು. ಮಗಳು ಅಣಕಿಸುವ ಆ ಮೆತ್ತನೆ ದನಿಯೂ ಅವಳಿಗೆ ತರಬೇತಿಯಲ್ಲೇ ಸಿಕ್ಕಿದ್ದು, ಪ್ರಮಾಣಪತ್ರದ ಜೊತೆಗೆ.

ಏಳನೇ ಚಾಪೆಯವಳು ಇವತ್ತೂ ಕಣ್ಣು ಮುಚ್ಚಿರಲಿಲ್ಲ. ಸಿಟಿ ಬಸ್ಸಿನ ಕಂಡಕ್ಟರ್ ಅವಳು. ಹೊಟ್ಟೆ ಮುಂದೆ ಬಂದ ಮೇಲೆ ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದರು. ಮೊದಲ ದಿನವೇ ಬಾಗಿಲಲ್ಲಿ ಗುಂಪುಗಟ್ಟಿ ಸಂಕೋಚಪಡುತ್ತಿದ್ದ ಹೆಂಗಸರನ್ನು, "ಒಳಗೆ ಸರೀರಿ, ಜಾಗ ಇದೆ, ಒಬ್ಬೊಬ್ರೂ ಇಬ್ಬಿಬ್ರ ಜಾಗ ಹಿಡೀಬೇಡಿ" ಎಂದು ಗದರಿ ನಗಿಸಿದ್ದಳು. ಕಂಡಕ್ಟರಮ್ಮ ಎಂಬ ಹೆಸರು ಅಲ್ಲೇ ಬಿತ್ತು. ಅಂಥ ಮಾತುಗಾತಿ ಚಾಪೆಯ ಮೇಲೆ ಮಲಗಿದಾಗ ಮಾತ್ರ ಹಲಗೆಯಾಗುತ್ತಿದ್ದಳು. ಸಿಸ್ಟರ್ ತಲೆಯ ಕಡೆ ಓಡಾಡುವಾಗ ಸುಮ್ಮನಿದ್ದವಳು, ಕಾಲಿನ ಕಡೆ ಬಂದರೆ ಸಾಕು, ಮಂಡಿ ಮೇಲಕ್ಕೆಳೆದುಕೊಂಡು ತಲೆ ತಿರುಗಿಸಿ ನೋಡುತ್ತಿದ್ದಳು. ಮೂರು ವಾರದಿಂದ ಹೀಗೇ. ಕೆಲವರ ಮೈ ಹಾಗೆ, ಬೇಗ ನಂಬುವುದಿಲ್ಲ ಎಂದುಕೊಂಡಿದ್ದಳು ಸಿಸ್ಟರ್.

ಕೊನೆಯ ಅರ್ಧ ಗಂಟೆ ಎಲ್ಲರೂ ಗೋಡೆಗೆ ಒರಗಿ ಕೂತು ಮಾತಾಡುವುದು. ಹೆರಿಗೆಯ ಬಗ್ಗೆ ಮನಸ್ಸಿನಲ್ಲಿರುವ ಹೆದರಿಕೆ ಏನು, ಒಬ್ಬೊಬ್ಬರಾಗಿ ಹೇಳಿ ಎಂದಳು. ಒಬ್ಬಳಿಗೆ ಕತ್ತರಿಯ ಹೆದರಿಕೆ. ಇನ್ನೊಬ್ಬಳಿಗೆ ಮಗುವಿಗೆ ಹಾಲು ಬರದಿದ್ದರೆ ಎಂಬ ಹೆದರಿಕೆ. ಕಂಡಕ್ಟರಮ್ಮನ ಸರದಿ ಬಂದಾಗ ಎಲ್ಲರೂ ನಗಲು ತಯಾರಾಗಿ ಅವಳ ಕಡೆ ತಿರುಗಿದರು.

"ನಂಗೆ ನೋವಿನ ಹೆದರಿಕೆ ಇಲ್ಲ ಸಿಸ್ಟರ್" ಎಂದಳು ಅವಳು. "ಮೊದಲನೇದು ಇದೇ ಆಸ್ಪತ್ರೇಲಿ ಆಗಿದ್ದು. ಮಗಳಿಗೀಗ ಆರು ತುಂಬಿ ಏಳು ನಡೀತಿದೆ. ಅವತ್ತು ಒಬ್ಬ ನರ್ಸು ನನ್ನ ಕಾಲ ಹತ್ರ ನಿಂತಿದ್ಳು. ತಡೆಯೋಕಾಗದೆ ಅಮ್ಮಾ ಅಂತ ಕೂಗಿದೆ. ತೊಡೆ ಮೇಲೆ ಫಟ್ ಅಂತ ಒಂದು ಕೊಟ್ಟು, 'ಗಂಡನ ಪಕ್ಕ ಮಲಗೋವಾಗ ಸುಖವಾಗಿತ್ತಾ? ಈಗ ಬಾಯಿ ಮುಚ್ಕೊಂಡು ಅನುಭವಿಸು' ಅಂದ್ಳು. ಪಕ್ಕದಲ್ಲಿ ಇನ್ಯಾರೋ ನಕ್ಕರು. ನಾನು ಬಸ್ಸಲ್ಲಿ ಎಂಬತ್ತು ಜನರ ಬಾಯಿ ಮುಚ್ಚಿಸೋಳು. ಅವತ್ತು ನನ್ನ ಬಾಯಿ ಮುಚ್ಚಿದ್ದು ಎರಡು ತಿಂಗಳು ತೆಗೀಲಿಲ್ಲ. ಮಗೂನ ಎತ್ಕೊಳ್ಲಿಲ್ಲ. ನಮ್ಮತ್ತೆ ಎತ್ಕೊಂಡ್ರು. ಮಗು ಅತ್ತರೆ, ಯಾರದೋ ಮನೇಲಿ ಅಳ್ತಿದೆ ಅನ್ನಿಸೋದು."

ಇಬ್ಬರು ಹೆಂಗಸರು ತಲೆ ತಗ್ಗಿಸಿ ಮೆಲ್ಲಗೆ ಅಲ್ಲಾಡಿಸಿದರು. ಸಿಸ್ಟರ್ ತನ್ನ ತರಬೇತಿಯ ದನಿಯಲ್ಲಿ, "ಹಾಗೆ ಆಗಬಾರದಿತ್ತು" ಎಂದಳು. ಎಂದು ಮುಂದಿನವಳ ಕಡೆ ತಿರುಗಿಯೇಬಿಟ್ಟಳು. ಆಗಬಾರದಿತ್ತು. ಮಳೆ ಬಂದು ಬಟ್ಟೆ ನೆಂದಿತು ಎನ್ನುವ ಹಾಗೆ, ಮಾಡಿದವರೇ ಇಲ್ಲದ ಮಾತು.

ಚಾಪೆ ಸುತ್ತಿಡುವಾಗ ಅವಳ ಬಲ ಅಂಗೈ ಬೆಚ್ಚಗಾಗಿತ್ತು. ಆ ವಾಕ್ಯ ಅವಳಿಗೆ ಗೊತ್ತಿತ್ತು. ಅದರಲ್ಲಿ 'ಅನುಭವಿಸು' ಎನ್ನುವ ಮುಂಚೆ ಒಂದು ಚಿಕ್ಕ ನಿಲುಗಡೆ ಇರಬೇಕು ಎಂಬುದೂ ಗೊತ್ತಿತ್ತು. ಅವಳಿಗೆ ಅದನ್ನು ಕೊಟ್ಟವಳು ಆಗ ವಾರ್ಡಿನ ಉಸ್ತುವಾರಿ ನೋಡುತ್ತಿದ್ದ ದೊಡ್ಡ ಸಿಸ್ಟರ್. ಕೆಲಸಕ್ಕೆ ಸೇರಿದ ಮೊದಲ ದಿನ ಅದನ್ನು ಕೇಳಿ, ಬಟ್ಟೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದಳು. ಮೂರನೆಯ ತಿಂಗಳು ತಾನೇ ಅಂದಿದ್ದಳು. ಆಮೇಲೆ ಎಷ್ಟು ಸಲ? ಕೈ ತೊಳೆದದ್ದನ್ನು ಯಾರಾದರೂ ಎಣಿಸುತ್ತಾರೆಯೇ? ಈ ಕಂಡಕ್ಟರಮ್ಮನ ಮುಖವನ್ನು ನೆನಪಿಗೆ ತರಲು ನೋಡಿದಳು. ಹನ್ನೆರಡು ವರ್ಷದ ಮುಖಗಳೆಲ್ಲ ಕಲಸಿಹೋಗಿ, ಬೆವರಿನಲ್ಲಿ ಅಂಟಿದ ಕೂದಲು, ತೆರೆದ ಬಾಯಿ, ಅಷ್ಟೇ ಉಳಿದಿತ್ತು. ಬೇರೆ ಯಾರೋ ಇರಬಹುದು ಎಂದಿತು ಮನಸ್ಸು. ಹಾಗೆ ಅಂದದ್ದರಲ್ಲೇ ಒಂದು ಆಸೆ ಇತ್ತು. ಆ ಆಸೆಗೆ ಅವಳಿಗೆ ನಾಚಿಕೆಯಾಯಿತು.

ಊಟದ ಹೊತ್ತಿಗೆ ನೆಲಮಾಳಿಗೆಯ ರೆಕಾರ್ಡ್ ರೂಮಿಗೆ ಹೋದಳು. ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡಿ, "ಏನ್ ಸಿಸ್ಟರ್, ಅಪರೂಪಕ್ಕೆ ಪಾತಾಳಕ್ಕೆ ಇಳಿದ್ರಿ" ಎಂದರು. ಹಳೆಯ ಅಂಕಿ ಅಂಶ ಬೇಕು ಎಂದು ಸುಳ್ಳು ಹೇಳಿ, ಮಗುವಿನ ವಯಸ್ಸು ಲೆಕ್ಕ ಹಾಕಿ, ಎರಡು ರಿಜಿಸ್ಟರುಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಹುಡುಕಿದಳು. ಸಿಕ್ಕಿತು. ವೃತ್ತಿ: ಬಸ್ ಕಂಡಕ್ಟರ್. ಮಧ್ಯಾಹ್ನ ಮೂರು ನಲವತ್ತು. ಹೆಣ್ಣು. ಮೂರು ಕಿಲೋ ನೂರು ಗ್ರಾಂ. ತಾಯಿ ಮಗು ಕ್ಷೇಮ. ಕೊನೆಯ ಮೂರು ಪದಗಳನ್ನು ಪೆನ್ನು ಎತ್ತದೆ ಒಂದೇ ಎಳೆಯಲ್ಲಿ ಬರೆದಿತ್ತು. ಹಾಗೆ ಬರೆಯುತ್ತಿದ್ದವಳು ಇಡೀ ವಾರ್ಡಿಗೆ ಒಬ್ಬಳೇ. ಕೆಳಗೆ ತನ್ನದೇ ಸಹಿ. ಪುಟದ ಉದ್ದಕ್ಕೂ, ಮುಂದಿನ ಪುಟದಲ್ಲೂ, ಅದೇ ಕೈಬರಹದಲ್ಲಿ ತಾಯಂದಿರು ಕ್ಷೇಮವಾಗಿದ್ದರು.

ದೊಡ್ಡ ಸಿಸ್ಟರ್ ಈಗ ಇಡೀ ಆಸ್ಪತ್ರೆಯ ನರ್ಸುಗಳ ಮೇಲ್ವಿಚಾರಕಿ. ನಿವೃತ್ತಿಗೆ ಎಂಟು ತಿಂಗಳಿತ್ತು. ಡ್ಯೂಟಿ ಪಟ್ಟಿಯ ಕೆಳಗೆ ಕೂತು ಚಹಾಕ್ಕೆ ಬ್ರೆಡ್ಡು ಅದ್ದುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಎಲ್ಲರೂ ಅಂದಿದ್ದೇ ಕಣೆ. ನಾನೂ ಅಂದಿದ್ದೀನಿ. ದಿನಕ್ಕೆ ಹದಿನೆಂಟು ಹೆರಿಗೆ, ಇಬ್ಬರು ನರ್ಸು. ಬೈಯದೆ ಇದ್ದಿದ್ರೆ ಅರ್ಧ ಮಕ್ಕಳು ಕಾರಿಡಾರಲ್ಲೇ ಹುಟ್ಟಿರೋವು."

"ಬೈದಿದ್ದಕ್ಕೆ ಒಂದು ಮಗೂನೂ ಬೇಗ ಹುಟ್ಟಲಿಲ್ಲ ಅಕ್ಕ."

"ಸರಿ, ಹುಟ್ಟಲಿಲ್ಲ. ಈಗೇನು ಮಾಡ್ತೀಯ?"

"ಅವಳಿಗೆ ಹೇಳ್ತೀನಿ."

ದೊಡ್ಡ ಸಿಸ್ಟರ್ ಬ್ರೆಡ್ಡನ್ನು ಬಟ್ಟಲಲ್ಲೇ ಬಿಟ್ಟಳು. "ಎಂಟು ತಿಂಗಳ ಬಸುರಿಗೆ? ನಿನ್ನ ತಲೆಭಾರ ಇಳಿಸ್ಕೊಳ್ಳೋಕೆ ಅದನ್ನ ಅವಳ ಹೊಟ್ಟೆ ಮೇಲೆ ಇಡ್ತೀಯಾ? ಸುಮ್ನೆ ನಿನ್ನ ಪಾಡಿಗೆ ಪಾಠ ಮಾಡು. ಒಳ್ಳೇ ಕೆಲಸ ಮಾಡ್ತಿದ್ದೀಯ. ಅದೇ ಸಾಕು."

ವಾರವಿಡೀ ಸಿಸ್ಟರ್ ಈ ಮಾತನ್ನು ಜೊತೆಯಲ್ಲೇ ಹೊತ್ತು ತಿರುಗಿದಳು: ಬಸ್ಸಿನಲ್ಲಿ ಕಂಬ ಹಿಡಿದು ನಿಂತಾಗ, ತರಕಾರಿ ಹೆಚ್ಚುವಾಗ, ಮಗಳ ಸಮವಸ್ತ್ರದ ಕಾಲರ್ ತಿಕ್ಕುವಾಗ. ಯಾರ ಭಾರ, ಯಾರ ಹೊಟ್ಟೆ? ಹೇಳಿದರೆ ಹಗುರವಾಗುವುದು ತಾನು, ಅದು ನಿಜ. ಆದರೆ ಹೇಳದಿದ್ದರೆ? ಮುಂದಿನ ಮಂಗಳವಾರವೂ ಆಕೆ ಮಂಡಿ ಎಳೆದುಕೊಂಡು ಮಲಗುತ್ತಾಳೆ. ತಾನು ಆ ಮೆತ್ತನೆ ದನಿಯಲ್ಲಿ, ನಂಬಿ, ಸಡಿಲ ಬಿಡಿ, ಇಲ್ಲಿ ನಿಮಗೆ ಯಾವ ಅಪಾಯವೂ ಇಲ್ಲ ಎನ್ನುತ್ತಾಳೆ. ಹೊಡೆದ ಕೈಯೇ ದಿಂಬು ಸರಿಮಾಡುತ್ತದೆ. ಮೈ ನಿಜ ಹೇಳುತ್ತಿದ್ದರೆ ಅದಕ್ಕೆ ಸುಳ್ಳು ಕಲಿಸುವುದು ಎಂಥ ಪಾಠ? ಸೋಮವಾರ ಸಂಜೆ ಬಟ್ಟೆ ಒಣಹಾಕುತ್ತ, ಒದ್ದೆ ಟವೆಲನ್ನು ಹಗ್ಗದ ಮೇಲೆ ಎಳೆದು ಸರಿಮಾಡುವಾಗ ನಿರ್ಧಾರ ತಾನಾಗಿ ಬಂದು ನಿಂತಿತು. ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಡುವ ಕೆಲಸ ಅವಳದಾಗುತ್ತದೆ. ಆಗ ದೊಡ್ಡ ಸಿಸ್ಟರ್ ಹೇಳಿದ್ದೇ ಸರಿಯಾಗುತ್ತದೆ.

ಮರುದಿನ ಎಲ್ಲರೂ ಹೋದ ಮೇಲೆ, "ಕಂಡಕ್ಟರಮ್ಮ, ಐದು ನಿಮಿಷ ಇರ್ತೀರಾ?" ಎಂದಳು.

"ಕೊನೇ ಸ್ಟಾಪ್ ತನಕ ಇರ್ತೀನಿ, ಹೇಳಿ ಸಿಸ್ಟರ್."

ಕೋಣೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ತಾನು ಸುತ್ತಿಟ್ಟ ಚಾಪೆಗಳ ಮೇಲೆ ತಗ್ಗಿನಲ್ಲಿ ಕೂತಳು. ಮೂರು ಸಲ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಪೀಠಿಕೆ ಬಾಯಿಗೆ ಬರಲಿಲ್ಲ. "ಹೋದ ವಾರ ನೀವು ಹೇಳಿದ ಆ ನರ್ಸು ನಾನು" ಎಂದಳು.

ಕಂಡಕ್ಟರಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿ ನಕ್ಕುಬಿಟ್ಟಳು. "ಬಿಡಿ ಸಿಸ್ಟರ್. ನೀವೆಲ್ಲಿ, ಅವಳೆಲ್ಲಿ. ಅವಳು ಬಾಗಿಲಷ್ಟು ಎತ್ತರ ಇದ್ಳು. ಇಷ್ಟು ದಪ್ಪ ಕೈ. ನೀವು ನನ್ನ ಭುಜಕ್ಕೂ ಬರಲ್ಲ."

ಬಾಗಿಲು ತೆರೆದಿತ್ತು. ಎದ್ದು ಹೊರಗೆ ಹೋಗುವುದಷ್ಟೇ ಬಾಕಿ. ಹೌದೇನೋ, ಹಳೆಯ ಮಾತು, ನನಗೇ ತಪ್ಪು ತಿಳಿವಳಿಕೆಯಾಗಿರಬೇಕು ಅಂದುಬಿಟ್ಟರೆ ಇಬ್ಬರೂ ನಗುತ್ತ ಮೆಟ್ಟಿಲಿಳಿಯಬಹುದು. ಆಕೆಯೇ ತನ್ನ ಕೈಯಾರೆ ಬಿಡುಗಡೆ ಮಾಡುತ್ತಿದ್ದಾಳೆ. ಸಿಸ್ಟರಿಗೆ ಒಂದು ಗಳಿಗೆ ಮೈಯೆಲ್ಲ ನಿಜವಾಗಿಯೂ ಸಡಿಲವಾಯಿತು, ಐದು ವರ್ಷದಲ್ಲಿ ಒಮ್ಮೆಯೂ ಆಗದಿದ್ದ ಹಾಗೆ. ಆ ಹಗುರವೇ ಅವಳನ್ನು ಹೆದರಿಸಿತು.

"ಇಲ್ಲಮ್ಮ. ಮಲಗಿಕೊಂಡು ನೋಡಿದ್ರೆ ಎಲ್ಲರೂ ಎತ್ತರಾನೇ. ನಾನು ರಿಜಿಸ್ಟರ್ ತೆಗೆಸಿ ನೋಡ್ದೆ. ಮಧ್ಯಾಹ್ನ ಮೂರು ನಲವತ್ತು, ಹೆಣ್ಣು ಮಗು. ಕೆಳಗೆ ನನ್ನ ಸಹಿ ಇದೆ."

"ಸಹಿ ಯಾರದಾದ್ರೂ ಇರಲಿ. ಮಾತು ಯಾರದು?"

"ನನ್ನದೇ."

ನಗು ಮುಖದ ಮೇಲೆ ಇನ್ನೂ ಅರ್ಧ ಇತ್ತು. "ಹಾಗಾದ್ರೆ ಅಂದು ತೋರ್ಸಿ."

ಸಿಸ್ಟರ್ ಗಂಟಲು ಸರಿಮಾಡಿಕೊಂಡು ವಾಕ್ಯ ಶುರುಮಾಡಿದಳು. ಕಂಡಕ್ಟರಮ್ಮ ಕೈ ಎತ್ತಿ ತಡೆದಳು. "ಈ ದನೀಲಲ್ಲ. ಆ ದನೀಲಿ."

ಐದು ವರ್ಷದಿಂದ ಬಳಸದ ಆ ದನಿಯನ್ನು ಹುಡುಕಬೇಕಾಗುತ್ತದೆ ಎಂದುಕೊಂಡಿದ್ದಳು. ಹುಡುಕಬೇಕಾಗಲಿಲ್ಲ. ಹಲ್ಲಿನ ಹಿಂದೆಯೇ ಕಾದು ಕೂತಿದ್ದ ಹಾಗೆ, ಒಂದು ಅಕ್ಷರವೂ ಸವೆಯದೆ, ಆ ಚಿಕ್ಕ ನಿಲುಗಡೆಯೊಂದಿಗೆ ಹೊರಗೆ ಬಿತ್ತು. ಖಾಲಿ ಕೋಣೆಯಲ್ಲಿ ಅದು ಗೋಡೆಗೆ ಬಡಿದು ವಾಪಸು ಬಂದಾಗ ಹೋದ ವಾರ ಮಗಳು ಯಾವ ದನಿಯ ಮಾತಾಡಿದ್ದಳು ಎಂಬುದು ತಿಳಿಯಿತು. ಕಂಡಕ್ಟರಮ್ಮನ ಎರಡೂ ಕೈ ಮಂಡಿಗೆ ಹೋಗಿ, ಮಂಡಿಗಳನ್ನು ಒತ್ತಿ ಹಿಡಿದುಕೊಂಡವು. ಮುಖದಲ್ಲಿ ಉಳಿದಿದ್ದ ಅರ್ಧ ನಗುವೂ ಹೋಯಿತು. ಆಮೇಲೆ ಎದ್ದು ಬಾಗಿಲ ಬಳಿ ಚಪ್ಪಲಿಗೆ ಕಾಲು ತೂರಿಸಿದಳು. ಹೊಟ್ಟೆ ಅಡ್ಡ ಬಂದು ಪಟ್ಟಿ ಹಾಕಲು ಬಗ್ಗಲಾಗಲಿಲ್ಲ. ಅಭ್ಯಾಸಬಲದಿಂದ ಸಿಸ್ಟರ್ ಮುಂದೆ ಬಂದು ಬಗ್ಗಿದಳು.

"ಮುಟ್ಟಬೇಡಿ" ಎಂದಳು ಕಂಡಕ್ಟರಮ್ಮ. ಬಿಚ್ಚಿದ ಪಟ್ಟಿಗಳ ಚಪ್ಪಲಿ ಮೂರು ಮಹಡಿಯ ಮೆಟ್ಟಿಲುಗಳ ಮೇಲೆ ಫಟ ಫಟ ಎಂದು ಇಳಿದು ಹೋಗುವುದನ್ನು ಸಿಸ್ಟರ್ ಕೊನೆಯವರೆಗೂ ಕೇಳಿಸಿಕೊಂಡಳು.

ಮುಂದಿನ ಮಂಗಳವಾರ ಏಳನೇ ಚಾಪೆ ಖಾಲಿ. ಅದರ ಮುಂದಿನ ಮಂಗಳವಾರವೂ ಖಾಲಿ. "ಕಂಡಕ್ಟರಿಲ್ಲದ ಬಸ್ಸಾಯ್ತು ನಮ್ದು" ಎಂದಳೊಬ್ಬಳು. ಆಕೆ ಬೇರೆ ಆಸ್ಪತ್ರೆಗೆ ಹೋದರೆ? ಎಲ್ಲಿಗೂ ಹೋಗದೆ ಮನೆಯಲ್ಲೇ ಉಳಿದು ಏನಾದರೂ ಆದರೆ? ಸಿಸ್ಟರ್ ಕೈಕಟ್ಟಿ ಕೂರಲಿಲ್ಲ. ಕಂಡಕ್ಟರಮ್ಮನ ಫೈಲು ತೆಗೆದು, ಹಿಂದಿನ ಹೆರಿಗೆಯಲ್ಲಿ ಸಿಬ್ಬಂದಿ ಹೊಡೆದು ಬೈದದ್ದರಿಂದ ಭಯ, ಹೆರಿಗೆಯ ನಂತರ ಎರಡು ತಿಂಗಳು ಖಿನ್ನತೆ, ಈ ಸಲ ಮನೋವೈದ್ಯರು ನೋಡಬೇಕು ಎಂದು ಬರೆದಳು. ಸಿಬ್ಬಂದಿ ಎಂಬಲ್ಲಿ ಕಂಸ ಹಾಕಿ ತನ್ನ ಹೆಸರು ಸೇರಿಸಿದಳು. ಫೈಲು ಹಿಡಿದುಕೊಂಡು ಹೆರಿಗೆ ವಾರ್ಡಿಗೆ ಇಳಿದು ಅಲ್ಲಿಯ ಹುಡುಗಿಯರನ್ನು ಸೇರಿಸಿ, ಇನ್ನು ಮೇಲೆ ಆ ಮಾತು, ಆ ಏಟು ಈ ಕೋಣೆಯಲ್ಲಿ ಇರಬಾರದು ಎಂದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಹಿರಿಯಳಾದ ಕನ್ನಡಕದ ನರ್ಸು ಹಿಂದೆ ಅವಳ ಕೈಕೆಳಗೇ ಕೆಲಸ ಕಲಿತವಳು.

"ಸಿಸ್ಟರ್, ತಪ್ಪು ತಿಳ್ಕೋಬೇಡಿ. ಅದನ್ನ ನಮಗೆ ಕಲಿಸಿದ್ದೇ ನೀವು. ನೀವು ಅಂದಾಗ ನಾವೆಲ್ಲ ನಗ್ತಿದ್ವಿ, ನೆನಪಿಲ್ವಾ?"

ಸಿಸ್ಟರಿಗೆ ತಿರುಗಿ ಹೋಗಿಬಿಡಬೇಕೆನ್ನಿಸಿತು. "ಹೌದು, ನಾನೇ ಕಲಿಸಿದ್ದು" ಎಂದಳು. "ಈಗ ಅದನ್ನ ಬಿಡಿಸೋಕೂ ನಾನೇ ಬಂದಿದ್ದೀನಿ. ನಾಳೆನೂ ಬರ್ತೀನಿ. ನಾಡಿದ್ದೂ ಬರ್ತೀನಿ." ಬಂದಳು. ಮೊದಮೊದಲು ಅವಳನ್ನು ಕಂಡರೆ ಹುಡುಗಿಯರು ಟ್ರೇ ಹಿಡಿದುಕೊಂಡು ಬೇರೆ ಕಡೆ ಹೋಗುತ್ತಿದ್ದರು. ಅವಳು ನೋವಿನಲ್ಲಿದ್ದ ಹೆಂಗಸರ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ಬೆನ್ನು ನೀವುತ್ತ, ಉಸಿರಿಗೆ ಜೊತೆ ಕೊಡುತ್ತ ಮಧ್ಯಾಹ್ನಗಳನ್ನು ಕಳೆದಳು. ಸೊಂಟ ಮತ್ತೆ ಹಿಡಿದುಕೊಂಡಿತು.

ಮೂರನೆಯ ಮಂಗಳವಾರ ಪಾಠ ಅರ್ಧ ಮುಗಿದಿರುವಾಗ ಬಾಗಿಲು ತೆರೆಯಿತು. ಕಂಡಕ್ಟರಮ್ಮ, ಜೊತೆಯಲ್ಲಿ ಅವಳ ಅತ್ತೆ, ಚೀಲ ಹಿಡಿದುಕೊಂಡು. ಕೊನೆಯವರೆಗೂ ಗೋಡೆಗೊರಗಿ ನಿಂತಿದ್ದು, ಉಳಿದವರು ಹೊರಟ ಮೇಲೆ ಕುರ್ಚಿಯಲ್ಲಿ ಕೂತಳು.

"ನಿಮ್ಮನ್ನ ನಾನು ಕ್ಷಮಿಸಿಲ್ಲ."

"ನಾನು ಕೇಳಿಲ್ಲ."

"ಅದನ್ನೂ ನೋಡ್ದೆ. ಯಾಕೆ ಕೇಳ್ಲಿಲ್ಲ ಅಂತ ಮನೇಲಿ ಯೋಚಿಸ್ತಿದ್ದೆ." ಅವಳು ಅತ್ತೆಯ ಕಡೆ ಕತ್ತು ಆಡಿಸಿದಳು. "ಇಷ್ಟು ವರ್ಷ ನನ್ನ ತಲೇನೇ ಸರಿ ಇಲ್ಲ ಅಂತ ತಿಳ್ಕೊಂಡಿದ್ದೆ ಸಿಸ್ಟರ್. ಇವರೂ ಹಾಗೇ ಅಂತಿದ್ರು. ಅಷ್ಟು ಮಾತಿಗೆ ಯಾರಾದ್ರೂ ಹಾಗಾಗ್ತಾರಾ, ನೋವಲ್ಲಿ ನೀನೇ ಏನೋ ಕೇಳಿಸ್ಕೊಂಡಿರ್ತೀಯ ಅಂತ. ಈಗ ಆಡಿದೋಳೇ ಎದುರಿಗೆ ಕೂತು, ಹೌದು ಆಡ್ದೆ ಅಂದ್ಮೇಲೆ ಏನಂತಾರೆ?"

ಅತ್ತೆ ಚೀಲದ ಹಿಡಿಕೆ ತಿರುಚುತ್ತ, "ನಂಗೇನು ಗೊತ್ತಿತ್ತಮ್ಮ" ಎಂದಷ್ಟೇ ಅಂದು ಕಿಟಕಿಯ ಕಡೆ ನೋಡಿದಳು.

"ಹೆರಿಗೆ ದಿನ ನೀವು ಅಲ್ಲಿರಬೇಕು" ಎಂದಳು ಕಂಡಕ್ಟರಮ್ಮ. "ಕಾಲ ಕಡೆ ಬರಕೂಡದು. ತಲೆ ಕಡೆ ನಿಂತ್ಕೋಬೇಕು. ಯಾರಾದ್ರೂ ಬಾಯಿ ಬಿಟ್ರೆ ಅವರ ಬಾಯಿ ಮುಚ್ಚಿಸಬೇಕು. ಆ ಕೋಣೇಲಿ ಬಾಯಿ ಮುಚ್ಚಿಸೋದು ನಿಮಗೆ ಚೆನ್ನಾಗಿ ಬರುತ್ತೆ."

ಮಾತು ತಗಲಬೇಕಾದ ಕಡೆಗೇ ತಗಲಿತು. ಸಿಸ್ಟರ್ ತಲೆಯಾಡಿಸಿದಳು.

"ಮತ್ತೆ ನಾನು ಕಣ್ಣು ಮುಚ್ಚಲ್ಲ. ಸಡಿಲ ಬಿಡಿ ಅಂತ ಯಾರಾದ್ರೂ ಅಂದ್ರೆ ನಂಗೆ ಇನ್ನೂ ಬಿಗಿಯಾಗುತ್ತೆ. ಏನು ಕಲಿಸ್ತೀರೋ ಕಣ್ಣು ತೆಗೆದ್ಕೊಂಡೇ ಕಲಿಸಿ."

ತರಬೇತಿಯ ಪುಸ್ತಕದಲ್ಲಿ ಹಾಗೆ ಇರಲಿಲ್ಲ. ಸಿಸ್ಟರ್ ಯೋಚಿಸಿ ಕೇಳಿದಳು: "ಬಸ್ಸು ಹೊರಡಿಸೋವಾಗ ಏನಂತೀರಿ?"

"ರೈಟ್ ಅಂತೀನಿ. ಇನ್ನೇನಂತಾರೆ?"

"ಎಲ್ಲರೂ ಹತ್ತಿ ಆಯ್ತು, ಬಾಗಿಲು ಹಾಕಿ ಆಯ್ತು, ಇನ್ನು ಹೋಗಬಹುದು ಅಂತ ತಾನೆ? ಉಸಿರು ಒಳಗೆ ತಗೊಳ್ಳಿ. ಬಿಡೋವಾಗ ಅದನ್ನೇ ಅನ್ನಿ. ಭುಜಕ್ಕೆ ರೈಟ್. ದವಡೆಗೆ ರೈಟ್. ಕಿಟಕಿ ಆಚೆ ಏನಾದ್ರೂ ಒಂದನ್ನ ನೋಡ್ತಾ ಇರಿ."

ಕಂಡಕ್ಟರಮ್ಮ ಅನುಮಾನದಿಂದ ನೋಡಿದಳು. ಆಮೇಲೆ ನೀರಿನ ಟ್ಯಾಂಕಿನ ಮೇಲೆ ಕೂತಿದ್ದ ಪಾರಿವಾಳವನ್ನು ದುರುಗುಟ್ಟಿ ನೋಡುತ್ತ, ಮೂಗಿನಲ್ಲಿ ಉಸಿರೆಳೆದು, "ರೈಟ್" ಎಂದಳು. ಏಳನೆಯ ಸಲಕ್ಕೋ ಎಂಟನೆಯ ಸಲಕ್ಕೋ, ಕಿವಿಯವರೆಗೆ ಏರಿದ್ದ ಅವಳ ಭುಜಗಳು ಅರ್ಧ ಬೆರಳಿನಷ್ಟು ಕೆಳಗಿಳಿದವು.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಒಂಬತ್ತೂವರೆಗೆ ಕೆಳಗಿನಿಂದ ಕರೆ ಬಂತು. ಸಿಸ್ಟರ್ ಹೋದಾಗ ಕಂಡಕ್ಟರಮ್ಮ ಮಂಚದ ಕಂಬಿ ಹಿಡಿದು ನಿಂತು, ಗೋಡೆ ಗಡಿಯಾರವನ್ನು ನೋಡುತ್ತ "ರೈಟ್, ರೈಟ್" ಎನ್ನುತ್ತಿದ್ದಳು. ಹನ್ನೊಂದರ ಹೊತ್ತಿಗೆ ನೋವು ಒಂದರ ಮೇಲೊಂದು ಬರತೊಡಗಿತು. ಸಿಸ್ಟರ್ ತಲೆಯ ಕಡೆ ನಿಂತಿದ್ದಳು. ಅಲ್ಲಿ ನಿಂತು ಆ ಕೋಣೆಯನ್ನು ಅವಳು ಎಂದೂ ನೋಡಿರಲಿಲ್ಲ. ಅಲ್ಲಿಂದ ದೀಪ ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು, ಕಾಲಿನ ಬಳಿ ಬಂದವರ ಮುಖ ಕಾಣದೆ ಬರೀ ಕಪ್ಪು ಆಕಾರ ಕಾಣುತ್ತಿತ್ತು, ಬಾಗಿಲಷ್ಟು ಎತ್ತರ. ಒಂದು ನೋವಿಗೆ ಕಂಡಕ್ಟರಮ್ಮನ ರೈಟ್ ಮುರಿದು ಕೋಣೆ ನಡುಗುವ ಹಾಗೆ ಕೂಗಾಯಿತು. ಕಾಲಿನ ಬಳಿ ಇದ್ದ ಕನ್ನಡಕದ ನರ್ಸು, "ಏಯ್, ಯಾಕೆ ಹಾಗೆ ಬಾಯಿ..." ಎಂದವಳು ತಲೆ ಎತ್ತಿದಳು. ಸಿಸ್ಟರ್ ಏರುದನಿಯಲ್ಲೇನೂ ಹೇಳಲಿಲ್ಲ. "ಕೂಗಲಿ" ಎಂದಳು, ಮೆತ್ತಗೂ ಅಲ್ಲದ, ಗದರಿಕೆಯೂ ಅಲ್ಲದ ದನಿಯಲ್ಲಿ. ಅದು ಎಲ್ಲಿಂದ ಬಂತೋ ಅವಳಿಗೇ ತಿಳಿಯಲಿಲ್ಲ. ಕನ್ನಡಕದವಳು ತುಟಿ ಕಚ್ಚಿಕೊಂಡು, "ಕೂಗಿ ಅಮ್ಮ, ಕೂಗಿ" ಎಂದಳು.

ಕಂಡಕ್ಟರಮ್ಮನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಆರು ವರ್ಷದ್ದನ್ನೂ ಸೇರಿಸಿ ಕೂಗಿದಳು. ಗಂಡನಿಗೆ ಬೈದಳು, ಡಿಪೋ ಮ್ಯಾನೇಜರಿಗೆ ಬೈದಳು, ದೀಪಕ್ಕೆ ಬೈದಳು, ಸಿಸ್ಟರ್ ಕೈಯ ಮೂಳೆ ಕಟಕಟ ಎನ್ನುವ ಹಾಗೆ ಹಿಡಿದುಕೊಂಡು ಅವಳಿಗೂ ಬೈದಳು. ಹನ್ನೆರಡೂ ಹತ್ತಕ್ಕೆ ಮಗು ಹುಟ್ಟಿತು, ಹೆಣ್ಣು. ಎದೆಯ ಮೇಲೆ ಇಟ್ಟಾಗ ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, "ಸಾಕು, ಇನ್ನು ನೀವು ಹೋಗಿ" ಎಂದಳು ಸಿಸ್ಟರಿಗೆ. ಸಿಸ್ಟರ್ ಹೋದಳು.

ಮೂರನೆಯ ದಿನ ಮಧ್ಯಾಹ್ನ ವಾರ್ಡಿಗೆ ಬಂದಾಗ ಕಂಡಕ್ಟರಮ್ಮ ಗೋಡೆಯ ಕಡೆ ತಿರುಗಿ ಅಳುತ್ತಿದ್ದಳು. ಮಗುವನ್ನು ಹಿಡಿದುಕೊಂಡಿದ್ದ ಅತ್ತೆ, ಬೆಳಿಗ್ಗೆಯಿಂದ ಹೀಗೇ ಎಂದು ಕಣ್ಣಿನಲ್ಲೇ ಹೇಳಿದಳು. ಸಿಸ್ಟರ್ ಸ್ಟೂಲು ಎಳೆದುಕೊಂಡು ಕೂತಳು.

"ಸಿಸ್ಟರ್, ಅದು ಮತ್ತೆ ಬರುತ್ತಾ?" ಎಂದಳು ಕಂಡಕ್ಟರಮ್ಮ ತಿರುಗದೆ.

ಇಲ್ಲ, ಬರಲ್ಲ, ಧೈರ್ಯವಾಗಿರಿ. ಹೀಗೆ ಹೇಳುವುದು ಬಹಳ ಸುಲಭವಿತ್ತು. "ಬರಬಹುದು" ಎಂದಳು ಸಿಸ್ಟರ್. "ಮೂರನೇ ದಿನದ ಅಳು ಬಹಳ ಜನಕ್ಕೆ ಬರುತ್ತೆ, ಹೋಗುತ್ತೆ. ಎರಡು ವಾರ ಆದ್ರೂ ಹೋಗ್ಲಿಲ್ಲ ಅಂದ್ರೆ, ಇಲ್ಲ ಅಷ್ಟರೊಳಗೇ ತಡೆಯೋಕಾಗಲ್ಲ ಅನ್ನಿಸಿದ್ರೆ, ಅದು ಕಾಯಿಲೆ. ಅದಕ್ಕೆ ಡಾಕ್ಟರಿದ್ದಾರೆ, ಔಷಧಿ ಇದೆ. ಅವರ ಹತ್ರ ನಿಮ್ಮ ವಿಷಯ ಆಗಲೇ ಮಾತಾಡಿದ್ದೀನಿ. ಹೋದ ಸಲ ನೀವು ಒಬ್ಬರೇ ಇದ್ರಿ. ಈ ಸಲ ನಾನು ದಿನಾ ಮಧ್ಯಾಹ್ನ ಬರ್ತೀನಿ, ನೀವು ಮನೆಗೆ ಹೋದ್ಮೇಲೂ. ಬೇಡ ಅಂತ ನೀವು ಅನ್ನೋ ತನಕ."

ಕಂಡಕ್ಟರಮ್ಮ ತಿರುಗಿ, ಮೂಗು ಒರೆಸಿಕೊಂಡು, ಮಗುವಿಗೆ ಕೈ ಚಾಚಿದಳು. ಅತ್ತೆ ಕೊಟ್ಟಳು. ಅಷ್ಟರಲ್ಲಿ ಶಾಲೆ ಬಿಟ್ಟು ಅಪ್ಪನ ಕೈ ಹಿಡಿದುಕೊಂಡು ದೊಡ್ಡ ಮಗಳು ಬಂದಳು. ಎರಡು ಜಡೆ, ಮುಂದಿನ ಹಲ್ಲು ಬಿದ್ದ ಬಾಯಿ. ತಂಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು.

"ನಾನು ಹುಟ್ಟಿದಾಗ್ಲೂ ಇಷ್ಟೇ ಇದ್ನಾ ಅಮ್ಮ?"

"ಇವರನ್ನ ಕೇಳು" ಎಂದಳು ಕಂಡಕ್ಟರಮ್ಮ. "ಅವತ್ತು ಇವರೇ ಇದ್ದಿದ್ದು."

ಹುಡುಗಿ ತಿರುಗಿ ಕಾದಳು. ಸಿಸ್ಟರ್ ನೆನಪಿಗಾಗಿ ತಡಕಾಡಿದಳು, ಏನೂ ಇರಲಿಲ್ಲ. ಹೊಸದಾಗಿ ಕಟ್ಟಿ ಹೇಳಬಹುದಿತ್ತು, ಮಗು ನಂಬುತ್ತಿತ್ತು. "ಮೂರು ಕಿಲೋ ನೂರು ಗ್ರಾಂ ಇದ್ದೆ. ಅಷ್ಟು ಬರೆದಿಟ್ಟಿದ್ದೆ. ಉಳಿದಿದ್ದು ನನಗೆ ನೆನಪಿಲ್ಲ ಪುಟ್ಟಿ. ನೆನಪಿಟ್ಕೋಬೇಕಿತ್ತು. ಅವತ್ತು ನಿಮ್ಮಮ್ಮ ತುಂಬ ಕಷ್ಟಪಟ್ರು. ನಾನು ಅವರ ಕೈ ಹಿಡ್ಕೋಬೇಕಿತ್ತು. ಹೊಡೆದು ಬೈದುಬಿಟ್ಟೆ."

"ಯಾಕೆ?"

ಹದಿನೆಂಟು ಹೆರಿಗೆ, ಇಬ್ಬರು ನರ್ಸು, ಮೇಲಿನವರು ಕಲಿಸಿದ್ದು, ಹಿಡಿದುಕೊಂಡ ಸೊಂಟ. ಎಲ್ಲವೂ ನಿಜವೇ. ಯಾವುದೂ ಆ ಮುಖದ ಮುಂದೆ ನಿಲ್ಲಲಿಲ್ಲ. "ಬೈದ್ರೆ ಯಾರೂ ಕೇಳಲ್ಲ ಅಂತ ಗೊತ್ತಿತ್ತು. ಅದಕ್ಕೆ."

ಹುಡುಗಿ ಅಮ್ಮನ ಕಡೆ ತಿರುಗಿದಳು. "ನೀನು ವಾಪಸ್ ಬೈಲಿಲ್ವಾ?"

"ಆಗ ಉಸಿರಿರ್ಲಿಲ್ಲ ಕಂದ. ಮೊನ್ನೆ ಒಂದಿಷ್ಟು ಬೈದೆ. ಅದು ನೋವಿನ ಲೆಕ್ಕಕ್ಕೆ ಹೋಯ್ತು."

"ಈಗ ಉಸಿರಿದ್ಯಲ್ಲ. ಬೈ."

ಗಂಡ "ಏಯ್" ಎಂದ. ಅತ್ತೆ ಕೆಮ್ಮಿದಳು. ಸಿಸ್ಟರ್ ಎದ್ದು ಹೋಗಲಿಲ್ಲ, ತಲೆ ತಗ್ಗಿಸಲಿಲ್ಲ. ಬೈಸಿಕೊಳ್ಳಲು ತಯಾರಾಗಿ ಸ್ಟೂಲಿನ ಮೇಲೆ ನೆಟ್ಟಗೆ ಕೂತಳು. ಕಂಡಕ್ಟರಮ್ಮ ಮಗುವನ್ನು ಎಡ ತೋಳಿನಿಂದ ಬಲ ತೋಳಿಗೆ ಬದಲಾಯಿಸಿದಳು.

"ಇವತ್ತು ಬೇಡ. ಮಗು ಈಗ ತಾನೆ ಮಲಗಿದೆ" ಎಂದಳು ಮಗಳಿಗೆ. "ನಾಳೆ ಬೆಳಿಗ್ಗೆ ನಮ್ಮನ್ನ ಮನೆಗೆ ಕಳಿಸ್ತಾರೆ, ಇವರು ಹೇಗೂ ಅಲ್ಲಿಗೂ ಬರ್ತಾರಂತೆ. ಪುರುಸೊತ್ತಾಗಿ ಬೈತೀನಿ."

"ಎಷ್ಟು ಗಂಟೆಗೆ ಬರ್ಲಿ?" ಎಂದಳು ಸಿಸ್ಟರ್.

"ಮೂರಕ್ಕೆ ಬನ್ನಿ. ಡಿಪೋ ದಾಟಿ ಎರಡನೇ ಸ್ಟಾಪು. ಮುಂದಿನ ಬಾಗಿಲಲ್ಲಿ ಇಳೀರಿ, ಹಿಂದೆ ಆ ಹೊತ್ತಲ್ಲಿ ತುಂಬ ನೂಕಾಟ ಇರುತ್ತೆ."